ಬೆಟ್ಟಕ್ಕೆ ಬರುವವರ ಲೆಕ್ಕಾಚಾರ

ಹಿಮಾಲಯಕ್ಕೆ ಹೋಗಲು ರಜೆಯೂ ಹಣವೂ ಸಾಲದ ಬೊಮ್ಮನಹಳ್ಳಿಯ ಯುವಜನರು ಶುಕ್ರವಾರ ರಾತ್ರಿ ನಮ್ಮ ಘಟ್ಟಕ್ಕೆ ಹೊರಡುತ್ತಾರೆ. ಬಸ್ಸೋ ಕಾರೋ, ಹೋಂಸ್ಟೇಯೋ ರೆಸಾರ್ಟೋ ಎಂಬುದೆಲ್ಲ ಅವರ ಲೆಕ್ಕದಲ್ಲಿದೆ, ಬೆಟ್ಟದ ಧಾರಣಶಕ್ತಿಯೊಂದಿಲ್ಲ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಬಳಿಕವೇ ಸರ್ಕಾರ ಚಾರಣಕ್ಕೆ ತಡೆಯೊಡ್ಡಿ, ಆನ್‌ಲೈನ್ ನೋಂದಣಿಯತ್ತ ಹೊರಳಿದ್ದು.

ಮಿತಿ ಬೇಕೇ ಬೇಕು. ಶೋಲಾ ಹುಲ್ಲುಗಾವಲಿನ ಮಣ್ಣು ಮಳೆಯನ್ನು ಹೀರಿಟ್ಟು ನಿಧಾನವಾಗಿ ನಮ್ಮ ಹಳ್ಳಗಳಿಗೆ ಬಿಡುತ್ತದೆ. ಬೂಟುಗಳು ತುಳಿದು ಗಟ್ಟಿಯಾದ ಜಾಡಿನಲ್ಲಿ ನೀರು ಇಂಗದು. ಕೊರಕಲು ಕೊರೆದು ಮಣ್ಣನ್ನೇ ಹೊತ್ತೊಯ್ಯುತ್ತದೆ. ಆದರೆ ಶುಲ್ಕ ಏರಿಸಿ ಮಿತಿ ಹೇರಿದರೆ ಬಡ ವಿದ್ಯಾರ್ಥಿ ಹೊರಗುಳಿದು ಜೀಪಿನವರೇ ಒಳಬರುತ್ತಾರೆ. ಅದು ನ್ಯಾಯವಲ್ಲ.

ಬರುವವರು ವಾರದ ನಡುವೆ ಬರಲಿ, ಕೆಂಪು ಬಸ್ಸಿನಲ್ಲಿ ಬರಲಿ, ಊರಿನ ಮನೆಯಲ್ಲಿ ಉಣ್ಣಲಿ. ಹಕ್ಕಿ ನೋಡುವವರಿಗಂತೂ ಶಿಖರವೇ ಬೇಕಿಲ್ಲ, ಕಾಫಿತೋಟದ ಅಂಚೇ ಸಾಕು.