ಬಿಸಿಯನ್ನೂ ಅಳೆಯಬೇಕು, ನೀರನ್ನೂ ಅಳೆಯಬೇಕು

ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆಯ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಸಂಚರಿಸಿದವರು ಹಂಡೆಗಳಲ್ಲಿ ಅಡಿಕೆ ಬೇಯುವುದನ್ನು ಕಂಡಿರಬಹುದು. ಸುಲಿದ ಹಸಿ ಅಡಿಕೆ ಬೆಂದಂತೆಲ್ಲ ನೀರು ಕೆಂಪೇರಿ, ಕೊನೆಗೆ ಚೊಗರಾಗುತ್ತದೆ. ಅಡಿಕೆಗೆ ಬಣ್ಣ ಕಟ್ಟುವುದು ಈ ಚೊಗರಿನಿಂದ. ಇದರ ಒಂದು ಹನಿ ನಾಲಗೆಗೆ ಸೋಕಿದರೆ ಬಾಯೆಲ್ಲ ಒಗರು. ಆ ಒಗರಿಗೆ ಕಾರಣವಾದ ಪದಾರ್ಥಗಳೇ ಟ್ಯಾನಿನ್‌ಗಳು. ನಮ್ಮ ರೈತನು ಬೇಕೆಂದೇ ಕುದಿಸಿ ಹೊರತೆಗೆಯುವ ಈ ಪದಾರ್ಥ ತಮ್ಮ ಪಾತ್ರೆಗೆ ಇಳಿಯದಂತೆ ಎಚ್ಚರವಹಿಸುವ ಕಸುಬಿನವರೂ ಇದ್ದಾರೆ. ಅವರು ಬಾರ್ಲಿಯಿಂದ ಬಿಯರ್ ತಯಾರಿಸುವವರು.

ಮದ್ಯಪಾನವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದಕ್ಕೆ ನಮ್ಮ ರಾಜ್ಯದ 1965ರ ಅಬಕಾರಿ ಕಾಯಿದೆಯಲ್ಲಿ ಅವಕಾಶವೂ ಇಲ್ಲ. ಆದರೆ ಆ ಕೆಲಸದ ಒಂದು ಹಂತದಲ್ಲಿ ವಿದ್ಯಾರ್ಥಿಗಳು ಅರಿಯತಕ್ಕ ವಿಜ್ಞಾನ ಬಹಳವಿದೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಸುಮಾರು 65ರಿಂದ 68 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ ನೆನೆಯಿಟ್ಟರೆ, ಧಾನ್ಯದಲ್ಲಿಯೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಸಿಹಿನೀರನ್ನು ಬಸಿದುಕೊಂಡ ಮೇಲೆಯೂ ನುಚ್ಚಿನಲ್ಲಿ ಸಕ್ಕರೆ ಉಳಿದಿರುತ್ತದೆ. ಅದನ್ನು ಪಡೆಯಲು ಅದರ ಮೇಲೆ ಮತ್ತೆ ಬಿಸಿನೀರನ್ನು ಮೆಲ್ಲನೆ ಸುರಿಯುತ್ತಾರೆ. ಕಾಫಿಯ ಪುಡಿಯ ಮೇಲೆ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಸುವಂತೆಯೇ ಇದು.

ಈ ತೊಳೆಯುವ ನೀರು ಎಷ್ಟು ಬಿಸಿಯಾಗಿರಬೇಕು? ತಣ್ಣೀರಾದರೆ ಸಾಲದು. ಉಷ್ಣತೆ ಏರಿದಂತೆ ದ್ರವದ ಸ್ನಿಗ್ಧತೆ ಇಳಿಯುತ್ತದೆ. 75 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿದ್ದುದರ ಐದರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಹಾಗಾದರೆ ಕುದಿಯುವ ನೀರನ್ನೇ ಸುರಿಯಬಾರದೇಕೆ? ಸುರಿದರೆ ಸಕ್ಕರೆಯೊಡನೆ ಸಿಪ್ಪೆಯ ಟ್ಯಾನಿನ್ನೂ ಇಳಿದುಬರುತ್ತದೆ. ಆದುದರಿಂದ ಅನುಭವಿಗಳು 75ರಿಂದ 77 ಡಿಗ್ರಿಯಲ್ಲಿ ನಿಲ್ಲುತ್ತಾರೆ.

ಆದರೆ ಉಷ್ಣತೆಯೊಂದನ್ನೇ ಕಾದರೆ ಸಾಲದು. ನೀರಿನಲ್ಲಿ ಬೈಕಾರ್ಬನೇಟುಗಳು ಹೆಚ್ಚಾಗಿದ್ದರೆ ಅದಕ್ಕೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ, ಎಂದರೆ ಕ್ಷಾರತ್ವ, ಹೆಚ್ಚು. ಧಾನ್ಯದ ರಸ ಸಹಜವಾಗಿ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 5.2ರಿಂದ 5.6. ತೊಳೆದಂತೆಲ್ಲ ಆ ರಸ ತೆಳುವಾಗಿ, ಕ್ಷಾರತ್ವವುಳ್ಳ ನೀರಿನ ಕೈ ಮೇಲಾಗುತ್ತದೆ. ಪಿಎಚ್ 6ನ್ನು ಸಮೀಪಿಸಿತೆಂದರೆ ಟ್ಯಾನಿನ್ ಬಿಡುವುದು ಹೆಚ್ಚುತ್ತದೆ. ಉಷ್ಣಮಾಪಕ ಸರಿಯಾದ ಅಂಕವನ್ನೇ ತೋರಿಸುತ್ತಿದ್ದರೂ ನೀರಿನ ದೋಷದಿಂದ ಕೆಲಸ ಕೆಡಬಹುದು. ಪಿಎಚ್ ಎಂಬ ಅಳತೆ ಹುಟ್ಟಿದುದೂ ಒಂದು ಬಿಯರ್ ಕಾರ್ಖಾನೆಯ ಆಶ್ರಯದಲ್ಲಿಯೇ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸನ್ ಅದನ್ನು 1909ರಲ್ಲಿ ಬಳಕೆಗೆ ತಂದನು. ಉಷ್ಣಕ್ಕೂ ಕಾರ್ಯಕ್ಕೂ ಇರುವ ಸಂಬಂಧವನ್ನು ಸೂಕ್ಷ್ಮ ಉಷ್ಣಮಾಪನದಿಂದ ತೋರಿಸಿದ ಜೂಲನೂ ಇದೇ ಕಸುಬಿನ ಮನೆತನದವನು.

ಇದನ್ನು ಪರೀಕ್ಷಿಸಲು ಬಿಯರ್ ಬೇಕಿಲ್ಲ, ಚಹಾ ಸಾಕು. ಒಂದೇ ತೂಕದ ಚಹಾಪುಡಿಯನ್ನು ಎರಡು ಲೋಟಗಳಲ್ಲಿ ಹಾಕಿ, ಒಂದಕ್ಕೆ 75 ಡಿಗ್ರಿಯ ನೀರನ್ನೂ ಇನ್ನೊಂದಕ್ಕೆ ಕುದಿಯುವ ನೀರನ್ನೂ ಹೊಯ್ದು, ಐದು ನಿಮಿಷದ ನಂತರ ರುಚಿ ನೋಡಿರಿ. ಮೂರನೆಯ ಲೋಟದ ಚಹಾಕ್ಕೆ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿರಿ, ಬಣ್ಣ ಕಪ್ಪಾಗುವುದು. ನಾಲ್ಕನೆಯದಕ್ಕೆ ನಿಂಬೆಯ ರಸ ಹಿಂಡಿರಿ, ಬಣ್ಣ ತಿಳಿಯಾಗುವುದು.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಚಿತ್ರದುರ್ಗದ ಸೀಮೆಯಲ್ಲಿ ಕೊಳವೆಬಾವಿಯನ್ನು ನಂಬಿದ ಊರುಗಳು ಅನೇಕ. ಅಲ್ಲಿ ಪಾತ್ರೆಯ ತಳದಲ್ಲಿ ಬಿಳಿಯ ಹೊರೆ ಕಟ್ಟುವುದೂ ಬೇಳೆ ಬೇಗ ಬೇಯದಿರುವುದೂ ಎಲ್ಲರೂ ಬಲ್ಲ ಸಂಗತಿಗಳು. ನೀರನ್ನು ಕುದಿಸಿದರೆ ಬೈಕಾರ್ಬನೇಟು ಒಡೆದು ಸುಣ್ಣದ ಅಂಶ ತಳಕ್ಕಿಳಿಯುತ್ತದೆ, ಕ್ರಿಮಿಗಳೂ ಸಾಯುತ್ತವೆ. ಇಷ್ಟರಿಂದ ನೀರು ಎಲ್ಲ ವಿಧದಲ್ಲಿಯೂ ಶುದ್ಧವಾಯಿತೆಂದು ನಂಬುವವರುಂಟು. ಈ ನಂಬಿಕೆ ಅಪಾಯಕರ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹವೆಂದೂ, ಬೇರೆ ನೀರು ದೊರೆಯದಿದ್ದಾಗ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ 2012ರ ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಮೊದಲು ಮಕ್ಕಳ ಹಲ್ಲುಗಳು, ಮುಂದೆ ಮೂಳೆಗಳು ಕೆಡುತ್ತವೆ.

ಬಿಯರಿನ ರುಚಿಗಾಗಿ ಜನ ನೀರನ್ನು ಅಳೆದು ಬಳಸುವರಾದರೆ, ಮಕ್ಕಳ ಹಲ್ಲುಮೂಳೆಗಳಿಗಾಗಿ ನಾವು ಅಳೆಯಬೇಡವೇ? ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಬ್ಯುರೆಟ್ ಹಿಡಿಯುತ್ತಾರೆ. ಆದರೆ ಪರೀಕ್ಷಿಸುವುದು ಹೆಚ್ಚಾಗಿ ಬಟ್ಟಿ ಇಳಿಸಿದ ನೀರಿನಲ್ಲಿ ಲವಣ ಕರಗಿಸಿ ಸಿದ್ಧಪಡಿಸಿದ ದ್ರಾವಣವನ್ನು. ಕಿಟಕಿಯಾಚೆಯ ನಲ್ಲಿಯ ನೀರಿಗೆ ಆ ಭಾಗ್ಯವಿಲ್ಲ! ಊರಿನ ನೀರಿಗೆ ಪುಸ್ತಕದಲ್ಲಿ ಸರಿಯುತ್ತರ ಇರುವುದಿಲ್ಲ, ಅಂಕ ಕೊಡುವುದು ಹೇಗೆಂದು ಕೆಲವರು ಆಕ್ಷೇಪಿಸಬಹುದು. ಉತ್ತರ ಮೊದಲೇ ತಿಳಿಯದ ಅಳತೆಯೇ ನಿಜವಾದ ಪ್ರಯೋಗವೆಂಬುದು ನನ್ನ ಅಭಿಪ್ರಾಯ.

ಹಿರಿಯೂರಿನ ವಿದ್ಯಾರ್ಥಿಗಳು 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರದ ನೀರನ್ನೂ ತಮ್ಮ ಕೇರಿಯ ಕೊಳವೆಬಾವಿಯ ನೀರನ್ನೂ ಹೋಲಿಸಲಿ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳವರು ಬೇಸಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ, ಒಂದೇ ಬಾವಿಯ ನೀರನ್ನು ಪರೀಕ್ಷಿಸಲಿ. ಕ್ಷಾರತ್ವಕ್ಕೆ ಆಮ್ಲವೂ ಮೀಥೈಲ್ ಆರೆಂಜೂ ಸಾಕು. ಫ್ಲೋರೈಡಿಗೆ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದ ನೆರವು ಪಡೆಯಬಹುದು. ದೊರೆತ ಅಂಕಿಗಳನ್ನು ದಿನಾಂಕದೊಡನೆ ಬರೆದು, ಒಂದು ಪ್ರತಿಯನ್ನು ಕಾಲೇಜಿನಲ್ಲಿರಿಸಿ, ಇನ್ನೊಂದನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಲಿ. ಮುಂದಿನ ವರ್ಷದ ವಿದ್ಯಾರ್ಥಿಗಳು ಆ ಪಟ್ಟಿಯನ್ನು ಮುಂದುವರಿಸಲಿ.