ಆರು ವೋಲ್ಟಿನ ಸಂಸಾರ

ಕಳೆದ ಸಂಚಿಕೆಯಲ್ಲಿ ನಾವು ದೆಹಲಿಯ ಬಿಸಿಲಿನಲ್ಲಿ ಸಂಡಿಗೆ ಇಡುವ ವಿಚಾರ ಬರೆದೆವಷ್ಟೆ. ಅದನ್ನೋದಿದ ಕೆಲವು ಪುರುಷ ವಾಚಕರು ಸಂಘದಲ್ಲಿ ಕಾಫಿಯ ಮೇಜಿನ ಬಳಿ ನಮ್ಮನ್ನು ಹಿಡಿದು ನಿಲ್ಲಿಸಿ, “ಸ್ವಾಮಿ, ನಮಗೂ ಉಪಯೋಗವಾಗುವಂಥದು ಏನಾದರೂ ಬರೆಯಬಾರದೆ?” ಎಂದು ಆಕ್ಷೇಪಿಸಿದರು. ಆ ಸಂಡಿಗೆಯನ್ನು ತಿನ್ನುವವರು ಯಾರು ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ಅವರ ಸಮಾಧಾನಕ್ಕಾಗಿ ಈ ಸಾರಿ ಮೋಟಾರ್ ಸೈಕಲ್ಲಿನ ಮಾತು.

ಹೌಜ್ ಖಾಸಿನ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಜಾವಾ 250 ನಿಂತಿದೆ. ನಮ್ಮ ತಂದೆಯವರದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿಗಳನ್ನು ಮಾಡತೊಡಗಿತು. ಇದು 1968ರಲ್ಲಿ ಅಲ್ಲಿಂದ ಹೊರಬಿದ್ದದ್ದು. ಸೆಂಟ್ರಲ್ ಸರ್ಕಾರದ ನೌಕರಿಯಾಗಿ ತಂದೆಯವರು ದೆಹಲಿಗೆ ಬಂದಾಗ ಅದೂ ರೈಲಿನ ಬ್ರೇಕ್ ವ್ಯಾನಿನಲ್ಲಿ, ಗೋಣಿಚೀಲ ಸುತ್ತಿಕೊಂಡು, ಅವರ ಹಿಂದೆಯೇ ಬಂದಿತು. ಒದ್ದು ಚಾಲೂ ಮಾಡುವ ಕಡ್ಡಿಯೇ ಮುಂದಕ್ಕೆ ಮಡಿಸಿದರೆ ಗೇರಿನ ಕಡ್ಡಿಯಾಗುವ ಆ ಉಪಾಯವನ್ನು ಕಂಡು ಇಲ್ಲಿಯ ಪಂಜಾಬಿ ನೆರೆಯವರು ಬಹಳ ದಿನ ಬೆರಗಾಗಿದ್ದರಂತೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ತಂದೆಯವರು 2009ರಲ್ಲಿ ತೀರಿಕೊಂಡರು. ಗಾಡಿ ಉಳಿಯಿತು.

ಅದರ ಹಳೆಯ ಕಾಯಿಲೆ ಒಂದೇ, ಬ್ಯಾಟರಿ ನಿಲ್ಲುತ್ತಿರಲಿಲ್ಲ. ಜಾವಾದಲ್ಲಿ ಕಿಡಿ ಹುಟ್ಟುವುದು ಬ್ಯಾಟರಿಯಿಂದಲೇ. ಅದು ಬತ್ತಿದರೆ ದೀಪವೊಂದೇ ಅಲ್ಲ, ಗಾಡಿಯೂ ನಿಂತಿತು. ಅರವಿಂದೋ ಮಾರ್ಗದಲ್ಲಿ ಸಂಜೆಯ ಹೊತ್ತು ಸಿಗ್ನಲಿಗೆ ನಿಂತರೆ ಮುಂದಿನ ದೀಪ ಹಣತೆಯಂತೆ ಹಳದಿಯಾಗಿ, ಆಮೇಲೆ ಕೆಂಪಾಗಿ, ಹೊರಡುವ ಹೊತ್ತಿಗೆ ಇಂಜಿನು ಕೆಮ್ಮಿ ಸುಮ್ಮನಾಗುತ್ತಿತ್ತು. ನಾವು ಮಾಡಿದ್ದು ಎಲ್ಲ ಬುದ್ಧಿವಂತರೂ ಮಾಡುವುದನ್ನೇ. ಹೊಸ ಬ್ಯಾಟರಿ ಹಾಕಿಸಿದೆವು. ಅದು ಕೆಟ್ಟ ಮೇಲೆ ಇನ್ನೊಂದು. ಅದೂ ಕೆಟ್ಟ ಮೇಲೆ, 2010ರಲ್ಲಿ, ಒಬ್ಬ ಅಂಗಡಿಯವನು, “ಆರು ವೋಲ್ಟಿನ ಕಾಲ ಹೋಯಿತು ಬಾಬೂಜಿ, ಹನ್ನೆರಡು ವೋಲ್ಟಿನ ಬ್ಯಾಟರಿ ಇಡಿ, ಬಲ್ಬು ಬದಲಾಯಿಸಿ, ಮುಗಿಯಿತು” ಎಂದ. ಇಟ್ಟೆವು. ಎರಡು ದಿನ ದೀಪ ಹಗಲಿನಂತೆ ಉರಿಯಿತು. ನಮ್ಮ ಮನೆಯವರನ್ನು ಹಿಂದೆ ಕೂರಿಸಿಕೊಂಡು ಗ್ರೀನ್ ಪಾರ್ಕಿನವರೆಗೆ ಮೆರೆದೂ ಬಂದೆವು. ಮೂರನೆಯ ದಿನ ಬ್ಯಾಟರಿ ಸತ್ತಿತು. ಆರು ವೋಲ್ಟಿಗೆಂದು ಮಾಡಿದ ಕಾಯಿಲು ಕೈ ಇಟ್ಟರೆ ಸುಡುವಷ್ಟು ಕಾದಿತ್ತು. ಗಾಡಿಯನ್ನು ತಳ್ಳಿಕೊಂಡು ಬಂದು ಮೆಟ್ಟಿಲ ಕೆಳಗೆ ನಿಲ್ಲಿಸಿ, ಹಳೆಯ ಬೆಡ್‌ಷೀಟು ಹೊದಿಸಿದೆವು.

ನಾವು ಮಾಡಿದ ತಪ್ಪು ಏನೆಂಬುದನ್ನು ತಿಳಿಯಲು ಬಹಳ ದೂರ ಹೋಗಬೇಕಾಗಿರಲಿಲ್ಲ. ನಮ್ಮ ಬಡಾವಣೆಯ ಹೆಸರಿನಲ್ಲೇ ಉತ್ತರವಿತ್ತು. ಹೌಜ್ ಎಂದರೆ ನೀರಿನ ತೊಟ್ಟಿ, ಕೆರೆ. ಖಾಸ್ ಎಂದರೆ ರಾಜರದು. ಅಲ್ಲಾವುದ್ದೀನ್ ಖಿಲ್ಜಿ ತನ್ನ ಸಿರಿ ಕೋಟೆಯ ಜನಕ್ಕೆ ನೀರಾಗಲೆಂದು ತೋಡಿಸಿದ ಕೆರೆ ಇದು. ಐವತ್ತು ವರ್ಷಗಳಲ್ಲಿ ಹೂಳು ತುಂಬಿ ಬತ್ತಿತು. ಫಿರೋಜ್ ಷಾ ತುಘಲಕ್ ಬಂದು ನೋಡುವ ಹೊತ್ತಿಗೆ ಕೆರೆಯ ಅಂಗಳದಲ್ಲಿ ಜನ ಬೇಸಾಯ ಮಾಡುತ್ತಿದ್ದರಂತೆ. ಬಾವಿ ತೋಡಿ ನೀರನ್ನು ದುಡ್ಡಿಗೆ ಮಾರುತ್ತಿದ್ದರಂತೆ. ಅವನು ಹೂಳೆತ್ತಿಸಿ ಕೆರೆಯನ್ನು ತಿರುಗಿ ತುಂಬಿಸಿದ. ದಡದಲ್ಲಿ 1352ರಲ್ಲಿ ಮದರಸಾ ಕಟ್ಟಿಸಿದ. ಕೊನೆಗೆ ಅಲ್ಲಿಯೇ ಗೋರಿಯನ್ನೂ ಸೇರಿದ. ನಮ್ಮ ಸೀಮೆಯಲ್ಲಿ ಕೆರೆ ಕಟ್ಟಿದವರಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ. ಕೆರೆಗೆ ನೀರು ಬರುವ ಕಾಲುವೆ ಸರಿಯಿರಬೇಕು, ಹೆಚ್ಚಾದದ್ದು ಹರಿಯಲು ಕೋಡಿ ಇರಬೇಕು, ಬಂದ ನೀರು ಹಿಂದಕ್ಕೆ ಹೋಗದಂತೆ ತಡೆ ಇರಬೇಕು. ಬ್ಯಾಟರಿಯೆಂಬುದು ಕೆರೆ. ಇಂಜಿನಿನ ದಂಡಕ್ಕೆ ಅಂಟಿಕೊಂಡು ತಿರುಗುವ ಡೈನಮೋ ಕಾಲುವೆ. ರೆಗ್ಯುಲೇಟರ್ ಎಂಬ ಪುಟ್ಟ ಡಬ್ಬಿ ಕೋಡಿ. ಅದರೊಳಗೇ ಇರುವ ಕಟೌಟು ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು. ನಾವು ಕಾಲುವೆಯನ್ನು ನೋಡದೆ ಕೆರೆಯನ್ನು ಎರಡರಷ್ಟು ದೊಡ್ಡದು ಮಾಡಿದೆವು. ಏಳು ವೋಲ್ಟಿಗೆ ಕೋಡಿ ಬೀಳುವ ಡಬ್ಬಿಯಿಂದ ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬುವುದು ಹೇಗೆ?

ಗಾಡಿ ಎಂಟು ವರ್ಷ ಹಾಗೆಯೇ ನಿಂತಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ರಾಜಧಾನಿ ಪ್ರದೇಶದ ರಸ್ತೆಗಳಲ್ಲಿ ಓಡಕೂಡದೆಂದಿತು. ಆ ಆಜ್ಞೆಗೆ ಆಮೇಲೆ ಸಡಿಲಿಕೆ ಬಿಗಿತಗಳೆಲ್ಲ ಬಂದುಹೋದುವು. ನಮ್ಮ ಐವತ್ತು ವರ್ಷದ ಜಾವಾಕ್ಕೆ ಅದರಿಂದ ಏನೂ ದಕ್ಕಲಿಲ್ಲ. ಕಬಾಡಿಯವನು ತಿಂಗಳಿಗೊಮ್ಮೆ ಬಂದು ಬೆಡ್‌ಷೀಟು ಎತ್ತಿ ನೋಡಿ ಕಿಲೋ ಲೆಕ್ಕದಲ್ಲಿ ಬೆಲೆ ಹೇಳುತ್ತಿದ್ದ. ಒಂದೆರಡು ಸಾರಿ ಕೊಟ್ಟೇಬಿಡೋಣವೆಂದು ನಮಗೂ ಅನ್ನಿಸಿತು. ಎಂಬತ್ತು ದಾಟಿದ ನಮ್ಮ ತಾಯಿಯವರು ಏನೂ ಹೇಳಲಿಲ್ಲ. ಕಬಾಡಿಯವನು ಬಂದ ದಿನ ಮಧ್ಯಾಹ್ನ ಊಟ ಮಾತ್ರ ಸ್ವಲ್ಪ ಕಡಿಮೆ ಮಾಡುತ್ತಿದ್ದರು.

2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಹೊಸ ನಿಯಮವೊಂದನ್ನು ತಂದಿತು. ಮೊದಲು ನೋಂದಣಿಯಾಗಿ 50 ವರ್ಷ ಕಳೆದ ವಾಹನವನ್ನು ‘ವಿಂಟೇಜ್’ ಎಂದು ದಾಖಲಿಸಬಹುದು. ಆಗಲೇ ನಂಬರಿರುವ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಅದರಲ್ಲಿ ಆಫೀಸಿಗೆ ಹೋಗುವ ಹಾಗಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ ಹೊರಗೆ ತೆಗೆಯಬಹುದು. ಒಂದು ಮುಖ್ಯ ಷರತ್ತು: ಚಾಸಿಸ್, ಮೈಕಟ್ಟು, ಇಂಜಿನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದು. ತಂದೆಯವರ ನಂಬರು ಉಳಿಯುವುದೆಂಬ ಒಂದು ಮಾತಿಗೆ ನಾವು ಬೆಡ್‌ಷೀಟು ತೆಗೆದೆವು.

ಈ ಬಾರಿ ಅಂಗಡಿಗೆ ಹೋಗಲಿಲ್ಲ. ಕರೋಲ್ ಬಾಗಿನಲ್ಲಿ ಮೋಟಾರ್ ಸೈಕಲ್ ಸಾಮಾನಿನ ಗಲ್ಲಿಗಳಿವೆಯಷ್ಟೆ. ಅಲ್ಲಿಂದ ವಯಸ್ಸಾದ ಒಬ್ಬ ಸರ್ದಾರ್ಜಿ ಮಿಸ್ತ್ರಿಯನ್ನು ಮನೆಗೇ ಕರೆತಂದೆವು. ಅವರು ಸ್ಪ್ಯಾನರನ್ನು ಮುಟ್ಟುವುದಕ್ಕೆ ಮೊದಲು ಮೀಟರು ತೆಗೆದರು. ವಾಚಕರು ನೆನಪಿಡಬೇಕಾದ ಭಾಗ ಇದೇ. ಒಳ್ಳೆಯ ಆರು ವೋಲ್ಟಿನ ಬ್ಯಾಟರಿಯೊಂದನ್ನು ಜೋಡಿಸಿ, ಇಂಜಿನು ನಿಂತಿರುವಾಗ ಅಳೆದರು: 6.3. ಚಾಲೂ ಮಾಡಿ ವೇಗ ಏರಿಸಿ ಅಳೆದರು. ಚಾರ್ಜು ಆಗುತ್ತಿದ್ದರೆ ಮುಳ್ಳು 7ನ್ನು ದಾಟಿ 7.2ರ ಸುಮಾರಿನಲ್ಲಿ ನಿಲ್ಲಬೇಕು. ಅದು ಅಲುಗಲೇ ಇಲ್ಲ. ಆಮೇಲೆ ರೆಗ್ಯುಲೇಟರನ್ನು ಬೇರೆ ಮಾಡಿ ಡೈನಮೋ ಒಂದನ್ನೇ ಕ್ಷಣಹೊತ್ತು ಪರೀಕ್ಷಿಸಿದರು. ವೇಗದೊಡನೆ ವೋಲ್ಟು ಸರಸರನೆ ಏರಿತು. “ನಿಮ್ಮ ತಂದೆಯವರ ಡೈನಮೋ ಬದುಕಿದೆ ಬಾಬೂಜಿ, ಸತ್ತಿರುವುದು ಈ ಡಬ್ಬಿ” ಎಂದು ರೆಗ್ಯುಲೇಟರನ್ನು ಬಿಚ್ಚಿ ತೋರಿಸಿದರು. ಒಳಗೆ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟೋ ಸಾರಿ ಕೂಡಿ ಬಿಡುವ ಎರಡು ಪುಟ್ಟ ಬೊಟ್ಟುಗಳು ಸುಟ್ಟು ಕರಿಕಲಾಗಿದ್ದುವು. ಬ್ಯಾಟರಿಯ ನೆಲದ ತಂತಿ ಫ್ರೇಮಿಗೆ ಸೇರುವ ಕಡೆ ತುಕ್ಕು ಬೇರೆ. ಎರಡು ಬ್ಯಾಟರಿಗಳನ್ನು ನಾವು ನಿಷ್ಕಾರಣವಾಗಿ ದೂಷಿಸಿದ್ದೆವು.

ಈಗ ಮೇಲಿನ ಪ್ರಶ್ನೆ: ಡಬ್ಬಿ ಮಾತ್ರ ಬದಲಾಯಿಸುವುದೋ, ಇಡೀ ಏರ್ಪಾಡನ್ನೇ ಬದಲಾಯಿಸುವುದೋ? ಅದಕ್ಕೆ ಮೊದಲು ಗಾಡಿಯ ಜಮಾಖರ್ಚು ನೋಡಬೇಕು. ಡೈನಮೋದ ಸಂಪಾದನೆ 45 ವಾಟು. ಅದೂ ಚೆನ್ನಾಗಿ ಓಡುವಾಗ. ಮುಂದಿನ ದೀಪಕ್ಕೆ 25, ಹಿಂದಿನದಕ್ಕೆ 5, ಕಾಯಿಲಿಗೆ ಹದಿನೈದು ಇಪ್ಪತ್ತು. ಅಲ್ಲಿಗೆ ಸಂಬಳ ಮುಗಿಯಿತು. ಬ್ರೇಕ್ ತುಳಿದರೆ, ಹಾರನ್ ಒತ್ತಿದರೆ ಸಾಲ. ಸಿಗ್ನಲಿನಲ್ಲಿ ನಿಂತಾಗ ಸಂಪಾದನೆ ಇಲ್ಲವೆನ್ನುವಷ್ಟು ಕಡಿಮೆ, ಬ್ರೇಕಿನ ದೀಪ ಸೇರಿ ಖರ್ಚು ಮಾತ್ರ ಪೂರ್ತಿ. 1968ರ ಅರವಿಂದೋ ಮಾರ್ಗದಲ್ಲಿ ನಿಲ್ಲುವ ಪ್ರಸಂಗ ಎಷ್ಟಿದ್ದೀತು? ಹಳ್ಳಿಗಾಡಿನ ರಸ್ತೆಗೆ ಲೆಕ್ಕ ಹಾಕಿದ ಸಂಸಾರ ಪಟ್ಟಣದಲ್ಲಿ ಸಾಲಕ್ಕೆ ಬೀಳುವುದು ಹೊಸದೇನಲ್ಲ. ಇದರ ಮೇಲೆ ಆರು ವೋಲ್ಟಿನದೇ ಒಂದು ಸಂಕಟವುಂಟು. ತಂತಿಯ ತುಕ್ಕಿನಲ್ಲಿ ಅರ್ಧ ವೋಲ್ಟು ಸೋರಿದರೆ ಇಲ್ಲಿ ಹನ್ನೆರಡರಲ್ಲೊಂದು ಪಾಲು ಹೋಯಿತು. ಬಲ್ಬಿಗೆ ಹೋಗುವ ವೋಲ್ಟು ನೂರಕ್ಕೆ ಹತ್ತು ತಗ್ಗಿದರೆ ಬೆಳಕು ಸುಮಾರು ನೂರಕ್ಕೆ ಮೂವತ್ತು ತಗ್ಗುತ್ತದೆ. ಅದೇ ವಾಟಿಗೆ ಹನ್ನೆರಡು ವೋಲ್ಟಿನಲ್ಲಿ ತಂತಿಯೊಳಗೆ ಹರಿಯುವ ಪ್ರವಾಹ ಅರ್ಧ, ಅದೇ ತಂತಿಯಲ್ಲಿ ಆಗುವ ನಷ್ಟ ಕಾಲು ಭಾಗ. ಲೋಕವೆಲ್ಲ ಹನ್ನೆರಡಕ್ಕೆ ಹೋದದ್ದು ಸುಮ್ಮನೆ ಅಲ್ಲ.

ಮೈಸೂರಿನಲ್ಲಿರುವ ನಮ್ಮ ತಂಗಿಯ ಮಗ ಹೋದದ್ದು ಆ ದಾರಿಯಲ್ಲೇ. ಅವನ ಯೆಜ್ಡಿ ನಿತ್ಯ ಓಡುವ ಗಾಡಿ. ರಾತ್ರಿಪಾಳಿ ಮುಗಿಸಿ ಕತ್ತಲಲ್ಲಿ ಮನೆಗೆ ಬರಬೇಕು. ಅವನು ಡೈನಮೋವನ್ನು ಪೂರ್ತಿ ತೆಗೆದು, ಅದೇ ದಂಡದ ಮೇಲೆ ಆಯಸ್ಕಾಂತದ ಆಲ್ಟರ್ನೇಟರು ಕೂರಿಸಿದ. ಇದರಲ್ಲಿ ಆಯಸ್ಕಾಂತ ತಿರುಗುತ್ತದೆ, ತಂತಿಯ ಸುರುಳಿ ಸುಮ್ಮನಿರುತ್ತದೆ. ಸವೆಯುವ ಇದ್ದಿಲ ಬ್ರಷ್ಷಿಲ್ಲ. ಜರ್ಮನಿ, ಚೆಕ್ ದೇಶಗಳಿಂದ ಬರುವ ಇಂಥ ಸೆಟ್ಟುಗಳು ಜಾವಾಕ್ಕೆಂದೇ ತಯಾರಾಗುತ್ತವೆ. ಹನ್ನೆರಡು ವೋಲ್ಟಿನಲ್ಲಿ ನೂರರಿಂದ ನೂರೈವತ್ತು ವಾಟಿನವರೆಗೆ ಕೊಡುತ್ತವೆ. ಕಿಡಿಯ ಏರ್ಪಾಡೂ ಅದರ ಜೊತೆಗೇ ಹೊಸದು. ಬ್ಯಾಟರಿ, ಬಲ್ಬುಗಳೆಲ್ಲ, ಹಾರನ್, ಇಂಡಿಕೇಟರಿದ್ದರೆ ಅದರ ಫ್ಲಾಷರು, ಇಷ್ಟನ್ನೂ ಬದಲಾಯಿಸಬೇಕು. ಒಂದನ್ನು ಮರೆತರೂ ಅದು ಸುಟ್ಟು ತಾನೇ ನೆನಪು ಮಾಡಿಕೊಡುತ್ತದೆ. “ಮಾವ, ನೀವೂ ಇದನ್ನೇ ಮಾಡಿಸಿ” ಎಂದು ಅವನು ಫೋನಿನಲ್ಲಿ ಒತ್ತಾಯಿಸಿದ. ಅವನ ಗಾಡಿಗೆ ಅವನು ಮಾಡಿದ್ದೇ ಸರಿ. ರಾತ್ರಿ ಗುಂಡಿ ಕಾಣದ ಗಾಡಿಯಲ್ಲಿ ಮೂಲರೂಪದ ಮೇಲಿನ ಭಕ್ತಿ ಎಲುಬಿಗೆ ಒಳ್ಳೆಯದಲ್ಲ.

ನಮ್ಮದು ಬೇರೆ. ವರ್ಷಕ್ಕೆ ನಾಲ್ಕು ಸಾರಿ, ಹಗಲು ಹೊತ್ತು ಹೊರಡುವ ಮುದುಕನಿಗೆ ನೂರೈವತ್ತು ವಾಟು ಏತಕ್ಕೆ? ಮೇಲಾಗಿ ಡೈನಮೋ ಕೂತಿರುವುದು ಇಂಜಿನಿನ ಹೊಟ್ಟೆಯಲ್ಲೇ. ಅದನ್ನು ತೆಗೆದರೆ ಇಂಜಿನಿನ ಮಾರ್ಪಾಟು ಎಂದಾಗುತ್ತದೆಯೇ ಇಲ್ಲವೇ ಎಂದು ಪರೀಕ್ಷೆಗೆ ಬರುವ ಅಧಿಕಾರಿಯೊಡನೆ ವಾದ ಹೂಡುವ ಉತ್ಸಾಹ ನಮಗಿಲ್ಲ. ಆದ್ದರಿಂದ ಸುಟ್ಟ ಡಬ್ಬಿಯ ಸ್ಥಾನಕ್ಕೆ ಅಲುಗುವ ಭಾಗವೇ ಇಲ್ಲದ ಎಲೆಕ್ಟ್ರಾನಿಕ್ ರೆಗ್ಯುಲೇಟರು ಬಂದಿತು. ಅದನ್ನು ಜೋಡಿಸುವ ಮೊದಲು ಗಾಡಿಯಲ್ಲಿ ನೆಲಕ್ಕೆ ಸೇರಿಸಿರುವುದು ಬ್ಯಾಟರಿಯ ಪ್ಲಸ್ಸೋ ಮೈನಸ್ಸೋ ಎಂದು ಎರಡು ಸಾರಿ ನೋಡಿಕೊಳ್ಳಿ. ತಿರುಗುಮುರುಗಾದರೆ ಆ ಡಬ್ಬಿಯ ಆಯುಸ್ಸು ಕಣ್ಣು ಮಿಟುಕಿಸುವಷ್ಟೇ. ಸರ್ದಾರ್ಜಿ ಡೈನಮೋದ ತಾಮ್ರದ ಪಟ್ಟಿಯನ್ನು ನಯವಾದ ಕಾಗದದಿಂದ ಉಜ್ಜಿ, ಹೊಸ ಬ್ರಷ್ಷು ಹಾಕಿ, ನೆಲದ ತಂತಿಯನ್ನು ಬರಿಯ ಲೋಹಕ್ಕೆ ಬಿಗಿದು, ಬ್ಯಾಟರಿಯ ಪಕ್ಕದಲ್ಲಿ ಫ್ಯೂಸು ಇಟ್ಟರು. ಹಿಂದಿನ ದೀಪಕ್ಕೆ ಮಾತ್ರ ಆರು ವೋಲ್ಟಿನ ಎಲ್ಇಡಿ ಬಲ್ಬು. ಬ್ರೇಕಿನ ಖರ್ಚು ಅದರಿಂದ ಎಷ್ಟೋ ಇಳಿಯಿತು. ಸುಟ್ಟ ರೆಗ್ಯುಲೇಟರನ್ನು ಎಸೆಯಹೊರಟ ನಮ್ಮ ಕೈಯನ್ನು ಅವರೇ ಹಿಡಿದರು. ಅದೀಗ ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೆಯ ಬಲ್ಬಿನ ಜೊತೆ ಬೀರುವಿನೊಳಗಿದೆ. ಮೈಸೂರಿನ ಡೈನಮೋವನ್ನೂ ಹೀಗೆಯೇ ಇಟ್ಟುಕೊಂಡಿರುವಂತೆ ತಂಗಿಯ ಮಗನಿಗೆ ಬರೆದಿದ್ದೇವೆ. ಬಿಚ್ಚಿದ್ದನ್ನು ಮತ್ತೆ ಕೂರಿಸುವ ಹಾಗಿದ್ದರೆ ಯಾವ ಸುಧಾರಣೆಗೂ ನಾವು ಹೆದರುವುದಿಲ್ಲ.

ಕಳೆದ ಭಾನುವಾರ ಮುಸ್ಸಂಜೆ ಗಾಡಿಯನ್ನು ಅಂಗಳಕ್ಕೆ ತಂದು ಚಾಲೂ ಮಾಡಿದೆವು. ಮೀಟರು 7.2 ತೋರಿಸಿತು. ಎರಡು ಕೊಳವೆಗಳಿಂದ ಆ ಹಳೆಯ ಹೊಗೆ, ಆ ಹಳೆಯ ಸದ್ದು. ನಮ್ಮ ತಾಯಿಯವರು ಕೋಲೂರಿಕೊಂಡು ಬಾಗಿಲಿಗೆ ಬಂದರು. ದೀಪ ಹಾಕಿ, ಎದುರು ಗೋಡೆಯ ಮೇಲೆ ಬಿದ್ದ ಬೆಳಕನ್ನು ತೋರಿಸಿ, “ಅಮ್ಮ, ಸಾಕೆ? ಇನ್ನೂ ಜೋರಾಗಿ ಬೇಕಾಗಿತ್ತೆ?” ಎಂದು ಕೇಳಿದೆವು.

ಅವರು ಬಹಳ ಹೊತ್ತು ಗೋಡೆಯನ್ನೇ ನೋಡಿದರು. “ಇಷ್ಟೇ ಕಣೋ ಇದ್ದದ್ದು. ಇದಕ್ಕಿಂತ ಜೋರಾಗಿದ್ದಿದ್ದರೆ ನಿಮ್ಮಪ್ಪ ಆವತ್ತು ಯೂಸುಫ್ ಸರಾಯಿ ಹತ್ತಿರ ನನ್ನನ್ನು ಎಮ್ಮೆಯ ಮೇಲೆ ಬೀಳಿಸುತ್ತಿದ್ದರೆ?” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ನೋಂದಣಿಗೆ ಅರ್ಜಿ ಹಾಕಿದ್ದೇವೆ. ಉತ್ತರ ಬಂದ ಮೇಲೆ ಬರೆಯುತ್ತೇವೆ.