ಶೇಕಡಾ 80ರ ಬಂದೂಕು

ಅಮೆರಿಕದಲ್ಲಿ ಬಿಡಿಭಾಗ ತರಿಸಿಕೊಂಡು ಮನೆಯಲ್ಲೇ ರೈಫಲ್ ಜೋಡಿಸುವ ಹವ್ಯಾಸಿಗಳಿದ್ದಾರೆ. ಅವರ ಮೊದಲ ಪ್ರಶ್ನೆ: ಯಾವ ರಿಸೀವರ್ ಕೊಳ್ಳುವುದು? ನಮಗೆ ಆ ಪದ ಕೇಳಿದರೆ ಹಳೆಯ ಲ್ಯಾಂಡ್‌ಲೈನ್ ಫೋನು ನೆನಪಾಗುತ್ತದೆ. ಬಂದೂಕಿನಲ್ಲಿ ಅದು ಗುಂಡು ಹಾರಿಸುವ ಯಂತ್ರಾಂಗಗಳನ್ನು ಹಿಡಿದಿಡುವ ಚೌಕಟ್ಟು. ಅಲ್ಯೂಮಿನಿಯಮ್ಮೋ ಪಾಲಿಮರೋ, ತೂಕವೆಷ್ಟು, ಬೆಲೆಯೆಷ್ಟು ಎಂದು ಚರ್ಚೆ ಸಾಗುತ್ತದೆ, ಸೈಕಲ್ಲಿಗೆ ಸೀಟು ಆರಿಸಿದ ಹಾಗೆ. ನನ್ನ ತಕರಾರು ಈ ಭಾಷೆಯ ಮೇಲೆ.

ಅಲ್ಲಿನ 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ರಿಸೀವರೇ ಬಂದೂಕು. ನಳಿಗೆ, ಹಿಡಿ ಎಲ್ಲ ಅಂಚೆಯಲ್ಲಿ ಮನೆಗೆ ಬರುತ್ತವೆ. ರಿಸೀವರಿಗೆ ಮಾತ್ರ ಕ್ರಮಸಂಖ್ಯೆ ಬೇಕು. ಅಂಗಡಿಯಿಂದ ಕೊಳ್ಳುವವರ ಹಿನ್ನೆಲೆ ತಪಾಸಣೆಯಾಗಬೇಕು. ಆದರೆ ಎಆರ್-15 ರೈಫಲ್ಲಿನ ಚೌಕಟ್ಟು ಎರಡು ತುಂಡು: ಹ್ಯಾಮರ್ ಕೆಳಗಿನದರಲ್ಲಿ, ಬೋಲ್ಟ್ ಮೇಲಿನದರಲ್ಲಿ. ಹಳೆಯ ನಿಯಮ ಎರಡೂ ಒಂದೇ ಕಡೆ ಇರುತ್ತವೆಂದು ಭಾವಿಸಿತ್ತು. ಕೆಳಗಿನ ತುಂಡೇ ರಿಸೀವರ್ ಎಂದು 2022ರ ನಿಯಮ ಹೆಸರಿಟ್ಟು ಹೇಳಬೇಕಾಯಿತು. ಬಂದೂಕು ಯಾವುದೆಂದು ಲೋಹ ತಾನಾಗಿ ಹೇಳುವುದಿಲ್ಲವಲ್ಲ.

ವ್ಯಾಪಾರಿಗಳು ನುಸುಳಿದ್ದು ಈ ಸಂದಿಯಲ್ಲೇ. ಕೆಲವು ತೂತು, ಒಂದಿಷ್ಟು ಕೊರೆತ ಬಾಕಿ ಉಳಿಸಿ ‘ಶೇಕಡಾ 80’ ಎಂದು ಮಾರಿದರು. ಪೂರ್ತಿಯಾಗಿಲ್ಲ, ಆದ್ದರಿಂದ ರಿಸೀವರ್ ಅಲ್ಲ, ಆದ್ದರಿಂದ ಸಂಖ್ಯೆಯೂ ಬೇಡ. ಕಾಯ್ದೆಯಲ್ಲಿ ಎಲ್ಲೂ ಈ 80 ಇಲ್ಲ. ಅದು ಅಂಗಡಿಯವರ ಗಣಿತ.

2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 7-2ರ ಬಹುಮತದಿಂದ ಆ ನಿಯಮವನ್ನು ಎತ್ತಿಹಿಡಿಯಿತು. ಕೆಲವು ಕಿಟ್‌ಗಳಾದರೂ, ಕೆಲವು ಅರೆಬರೆ ರಿಸೀವರ್‌ಗಳಾದರೂ ಕಾಯ್ದೆಯೊಳಗೆ ಬರುತ್ತವೆ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೊರ್ಸಚ್ ಸಾಹಿತ್ಯದವರಿಗೆ ಹತ್ತಿರದ ಉದಾಹರಣೆ ಕೊಡುತ್ತಾರೆ: ಅಪೂರ್ಣ ಹಸ್ತಪ್ರತಿ ಕಳಿಸಿದ ಲೇಖಕಿಯೂ ಅದನ್ನು ತನ್ನ ಕಾದಂಬರಿ ಎಂದೇ ಕರೆಯುತ್ತಾಳೆ. ನನಗಂತೂ ಇದನ್ನು ಯಾರೂ ವಿವರಿಸಬೇಕಿಲ್ಲ. ಮೂರು ಅಧ್ಯಾಯ ಬಾಕಿ ಇರುವಾಗಲೂ ಊರಲ್ಲಿ ಎಲ್ಲರೂ ಕೇಳುವುದು “ಥೀಸಿಸ್ ಎಲ್ಲಿಗೆ ಬಂತು?” ಎಂದೇ.

ಮನೆಯಲ್ಲಿ ಬಂದೂಕು ಮಾಡಿಕೊಳ್ಳುವುದು ಅಮೆರಿಕದ ಹಳೆಯ ರೂಢಿ ಎನ್ನುವವರಿದ್ದಾರೆ. ಇರಲಿ. ಕೈಕೆಲಸದ ಖುಷಿಯನ್ನು ನಾನು ಹಂಗಿಸುವುದಿಲ್ಲ. ಆದರೆ ಸಂಖ್ಯೆ ಕೆತ್ತಿದ, ತಪಾಸಣೆ ದಾಟಿ ಬಂದ ರಿಸೀವರಿನಿಂದ ಆ ಖುಷಿ ಎಳ್ಳಷ್ಟೂ ಕಡಿಮೆಯಾಗದು. ಹವ್ಯಾಸಿಗೆ ನಾನು ಹೇಳುವ ಆಯ್ಕೆ ಅದೊಂದೇ. ಕೊಲೆ ನಡೆದ ಜಾಗದಲ್ಲಿ ಸಿಕ್ಕ ‘ಶೇಕಡಾ 80’ರ ರೈಫಲ್ಲನ್ನು ಪೊಲೀಸರು ತಿರುಗಿಸಿ ನೋಡಿದರೆ, ಅಂಕಿಗಳಿರಬೇಕಾದ ಜಾಗ ನುಣ್ಣಗಿರುತ್ತದೆ.